ಎಳೆ ಹರಿದ ಜಾಗ

ಮಂಗಳವಾರ ಸಂಖದ ಕಡೆಯಿಂದ ಟ್ಯಾಂಕರ್ ಬಂತು.
ನಮ್ಮ ಪಾಲಿಗೆ ಆರು ಕೊಡ.
ಎರಡು ಕುಡಿಯಲಿಕ್ಕೆ, ಒಂದು ಅಡಿಗೆಗೆ,
ಉಳಿದ ಮೂರು ಉಣ್ಣೆಗೆ ಅಂದಳು ಅತ್ತೆ.
ಮಗ್ಗಲಮನೆಯ ಶೇವಂತಿ ನಕ್ಕಳು:
"ಮನಷ್ಯಾರಿಗೆ ಮಾರಿ ತೊಳಿಲಿಕ್ಕಿಲ್ಲ,
ಕುರಿ ಕೂದಲಕ್ಕ ಜಳಕ!"

ಕಲ್ಲಿನ ಬಾನಿಯಲ್ಲಿ ರಾತ್ರಿಯಿಡೀ ನೆನೆದು
ಬೆಳಗಿಗೆ ನೀರು ಚಹಾದ ಬಣ್ಣ.
ಮೇಲೆ ತೇಲಿದ್ದು ಎಂಟು ತಿಂಗಳ ತಿರುಗಾಟ:
ಜಿಡ್ಡು, ಹಿಕ್ಕೆ, ಉತ್ತರಾಣಿಯ ಮುಳ್ಳು,
ಕಬ್ಬಿನ ರವದಿಯ ಚೂರು
(ನಮ್ಮ ಕಡೆ ಎಲ್ಲಿಯ ಕಬ್ಬು, ಅದು ಕೃಷ್ಣೆಯ ದಂಡೆಯದು),
ಮತ್ತೆ ಯಾರದೋ ಸೀರೆಯ ಹಸಿರು ದಾರ, ಗೇಣುದ್ದ.
ಅತ್ತೆ ಅದನ್ನೆತ್ತಿ ನೋಡಿದಳು, ನನ್ನನ್ನು ನೋಡಿದಳು,
ಬೇಲಿಗೆ ಸಿಕ್ಕಿಸಿದಳು. ಏನೂ ಅನ್ನಲಿಲ್ಲ.

ತಿಕ್ಕಬೇಡ. ಹಿಂಡಬೇಡ.
ಕೂಸಿನ ನೆತ್ತಿ ಮುಟ್ಟಿದ ಹಾಗೆ ಒತ್ತು, ಬಿಡು.
ಮದುವೆಯಾಗಿ ಬಂದ ಬೇಸಗೆ ನಾನು ಜಾಣತನ ಮಾಡಿದ್ದೆ:
ಕುದಿನೀರು ಸುರುವಿ, ಅರಿವೆಯ ಹಾಗೆ ಕಲ್ಲಿಗೆ ತಿಕ್ಕಿದ್ದೆ.
ಒಂದಿಡೀ ಕುರಿಯ ಉಣ್ಣೆ ಒಂದೇ ಮುದ್ದೆಯಾಗಿ
ಕಟಕ್ ರೊಟ್ಟಿಯಂತೆ ಬಿಗಿದು ಕೂತಿತ್ತು.
ಹಿತ್ತಲಲ್ಲಿ ನಿಂತು ಅತ್ತಿದ್ದೆ.
ಅತ್ತೆ ಬಯ್ಯಲಿಲ್ಲ. ಅದನ್ನೇ ಕತ್ತರಿಸಿ ಸಿಂಬಿ ಮಾಡಿದಳು.
ಹನ್ನೊಂದು ವರ್ಷವಾಯಿತು,
ನನ್ನ ತಪ್ಪಿನ ಮೇಲೆಯೇ ಕೊಡ ಇಟ್ಟು ತರುತ್ತೇನೆ.
ನೆತ್ತಿಗೆ ಮೆತ್ತಗಿದೆ.

ಅಂಟಲಕಾಯಿಯ ನೊರೆ, ಮತ್ತೊಂದು ನೀರು, ಕೊನೆಯದೊಂದು.
ಹೊಲಸು ನೀರೆಲ್ಲ ನಿಂಬೆಗಿಡಕ್ಕೆ.
ಉಣ್ಣೆಯನ್ನು ನೆರಳಿಗೆ ಹರಡಿ, ಗಾಳಿ ಕದಿಯದ ಹಾಗೆ
ಮೇಲೆ ಬಾಜನ್ನು ಬೋರಲು ಹಾಕಿದೆವು.

ದರ ಕೇಳಬೇಡಿ.
ಜತ್ತದ ವ್ಯಾಪಾರಿ ಹೋದ ವರ್ಷ ಮರಾಠಿಯಲ್ಲಿ ಚೀಟಿ ಬರೆದು,
ತಾನೇ ಓದಿ, ತಾನೇ ನಾಚಿ ಹರಿದು ಹಾಕಿದ್ದ.
ಕತ್ತರಿ ಆಡಿಸಿದವನ ಕೂಲಿಗೂ ಸಾಲದು.
ಅದಕ್ಕೇ ನಾವು ನೂಲುವುದು.

ಮಧ್ಯಾಹ್ನ, ನಾಯಿಗೂ ಬೊಗಳಲು ಬೇಸರವಾದ ಹೊತ್ತು,
ಅತ್ತೆ ಬಿಲ್ಲಿನ ನಾರಿ ಮಿಡಿದು ಉಣ್ಣೆ ಬಿಡಿಸಿದಳು.
ನಾನು ಹಂಜಿ ಹಿಡಿದು ಕದಿರಿಗೆ ಕೂತೆ.
ಟಪ್ಪನೆ ಹರಿಯಿತು.
ಉಗುಳು ಹಚ್ಚಿ ಹೊಸೆದೆ. ಮತ್ತೆ ಹರಿಯಿತು.
"ತಾ ಇಲ್ಲಿ" ಅಂದು ಅತ್ತೆ, ಬಿಡಿಸದ ಒಂದು ಜಡೆ ತೆಗೆದು
ಕಿವಿಯ ಹತ್ತಿರ ಹಿಡಿದು ಜಗ್ಗಿದಳು.
ಎಲ್ಲ ಎಳೆಯೂ ಒಂದೇ ಕಡೆ ಕಡಿಯಿತು.

"ತುದಿ ಅಂದ್ರ ಶ್ರಾವಣ, ಬುಡ ಅಂದ್ರ ಯುಗಾದಿ.
ತುದಿಯಿಂದ ಒಂದು ಬೆರಳು... ದೀಪಾವಳಿ.
ಎಂಟು ದಿವಸ ಹೊಟ್ಟಿಗಿಲ್ಲ ಈ ಕುರಿಗೆ."
ಇನ್ನೊಂದರದು ಜಗ್ಗಿದೆವು. ಅಲ್ಲೇ.
ಮತ್ತೊಂದರದು. ಅಲ್ಲೇ.

ಪಾಡ್ಯದ ದಿನ ಕರಾಡದಾಚೆಯಿಂದ
ಅಮೋಘಿ ಫೋನು ಮಾಡಿದ್ದ.
ದನಿ ಸಣ್ಣಗಿತ್ತು. ರೇಂಜ್ ಇಲ್ಲ ಅಂದ.
"ಎಲ್ಲಾ ಆರಾಮ. ಹಬ್ಬಾ ಮಾಡ್ರಿ."
ಮಾಡಿದ್ದೆವು. ಹೋಳಿಗೆ ತುಪ್ಪ.

ಈಗ ಬೇವಿನ ಬುಡಕ್ಕೆ ಮಲಗಿದ್ದಾನೆ,
ಸೊಂಟದ ಪಟ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡವನು.
ತೂತು ನಾನು ನೋಡಿದ್ದೆ.
ಜ್ವರವೋ, ಹಾವೋ, ಹೊಡೆದಾಟವೋ,
ದೊಡ್ಡಿಯಿಂದ ಕುರಿ ಬಿಡಲಿಕ್ಕೆ ಏಳಲಾರದ ಎಂಟು ದಿನ.
ಬೇಲಿಯ ಮೇಲೆ ಹಸಿರು ದಾರ ಅಲುಗುತ್ತದೆ.
ಗಂಜಿ ಕಾಸಿ ಕೊಟ್ಟವಳೋ,
ಬೈದು ಹೊಲದಿಂದ ಅಟ್ಟಿದವಳೋ.

ಕಡಿದ ಎಳೆ ಬಿಸಾಡುವಂತಿಲ್ಲ, ಇರುವುದೇ ಅಷ್ಟು.
ಗಿಡ್ಡ ಎಳೆಗೆ ಹುರಿ ಹೆಚ್ಚಿಗೆ ಬೇಕು.

ಸಂಜೆ ಎದ್ದು, ಮುಖ ಒರೆಸಿಕೊಳ್ಳುತ್ತ ಕೇಳಿದ:
"ಉಣ್ಣಿ ಹ್ಯಾಂಗದ ಈ ಸಲ?"
"ಚೊಲೊ ಅದ" ಅಂದಳು ಅತ್ತೆ.
ರೇಂಜ್ ಇಲ್ಲದವಳ ಹಾಗೆ, ಸಣ್ಣ ದನಿಯಲ್ಲಿ.
ನಾನು ಕದಿರಿಗೆ ಇನ್ನೆರಡು ಸುತ್ತು ಕೊಟ್ಟೆ.