ನಾಲ್ಕರ ತನಕ

ಅಂಗನವಾಡಿಗೂ ನನ್ನ ಶಾಲೆಗೂ ನಡುವೆ
ಎದೆಯೆತ್ತರದ ಗೋಡೆ, ಅದರ ಮೇಲೆ ಯಾರದೋ ಬಲೆ ಒಣಗುತ್ತಿರುತ್ತದೆ.
ಹನ್ನೊಂದು ವರ್ಷದಲ್ಲಿ ಆ ಗೋಡೆಯಾಚೆಗೆ
ನಾನು ಕಳಿಸಿದ್ದು ಒಂದೇ ಮಾತು:
"ಸ್ವಲ್ಪ ಗಲಾಟೆ ಕಡಿಮೆ ಮಾಡಿಸಿ ಟೀಚರ್,
ಇಲ್ಲಿ ಪಾಠ ಆಗ್ತಾ ಉಂಟು."

ಪಾಠವಂತೆ.

ಸುತ್ತೋಲೆ ಬಂತು. ತಿಂಗಳ ಮೂರನೇ ಶನಿವಾರ
ಮುಖ್ಯ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ನರ್ಸರಿಯವರು
ಒಟ್ಟಿಗೆ ಕೂತು ಚರ್ಚಿಸತಕ್ಕದ್ದು.
ಯಾವುದರ ಬಗ್ಗೆ ಎಂದು
ಸುತ್ತೋಲೆಗೂ ಗೊತ್ತಿದ್ದ ಹಾಗಿರಲಿಲ್ಲ.
ಸಹಿ, ಫೋಟೋ, ಚಹಾದ ಬಿಲ್ಲು ಕಡ್ಡಾಯ.

ನಮ್ಮ ಕೋಣೆ ತುಂಬ ಮತದಾರರ ಪಟ್ಟಿಯ ಕಟ್ಟುಗಳು,
ಹಾಗಾಗಿ ಸಭೆ ಝುಲೇಖಾಳ ಅಂಗನವಾಡಿಯಲ್ಲಿ.
ಕುರ್ಚಿಗಳೋ ಮೊಣಕಾಲಿಗಿಂತ ಗಿಡ್ಡ,
ಒಂದರ ಕಾಲಿಗೆ ಟೇಪು ಸುತ್ತಿದ್ದಾರೆ.
ಕೂರಲು ನನ್ನ ಹುದ್ದೆಯೂ ಒಪ್ಪಲಿಲ್ಲ, ಮಂಡಿಯೂ.
ಮಂಡಿ ಮೊದಲು ಸೋತಿತು.
ಅಷ್ಟು ಕೆಳಗಿನಿಂದ ನೋಡಿದರೆ, ಗೋಡೆಯ ಮೇಲೆ
ನನ್ನ ಶಾಲೆ ಬರೀ ಹಂಚು, ಒಂದು ಧ್ವಜಕಂಬ.
ಬಾಗಿಲು ಕಾಣಲೇ ಇಲ್ಲ.

ಬಂದರಿನಿಂದ ಎರಡೂವರೆಯ ದೋಣಿಗೆ ಬಂದ ಪ್ರೆಸಿಲ್ಲಾ
ಗೋಳಿಬಜೆಯ ಪೊಟ್ಟಣ ಬಿಚ್ಚಿದಳು.
ಎಣ್ಣೆ ಕಾಗದ ಕೈಯಿಂದ ಕೈಗೆ ಹೋಗುವಾಗ
ಏನಾದರೂ ಹೇಳಬೇಕಲ್ಲ ಎಂದು ಹೇಳಿದೆ:
ಒಂದನೇ ಕ್ಲಾಸಿನ ಮುಬಶೀರ್ ಐದು ತಿಂಗಳಿಂದ
ಬಾಯಿ ಬಿಟ್ಟಿಲ್ಲ. ಲೆಕ್ಕ ಸೊನ್ನೆ.
'ಕಲಿಕೆಯಲ್ಲಿ ಹಿಂದೆ' ಎಂದು ಬರೆದಾಗಿದೆ, ಕೆಂಪು ಶಾಯಿಯಲ್ಲಿ.

ಝುಲೇಖಾ ಚಹಾ ಕೆಳಗಿಟ್ಟಳು.
"ಯಾರು, ನಮ್ಮ ಮುಬಶೀರಾ? ಸೊನ್ನೆಯಾ?"
ಕಬ್ಬಿಣದ ಕಪಾಟಿನಿಂದ ಇನ್ನೂರು ಪುಟದ ಪುಸ್ತಕ ಬಂತು,
ಮುಂದಿನಿಂದ ಅಕ್ಕಿ, ಹೆಸರುಬೇಳೆಯ ದಾಸ್ತಾನು,
ಹಿಂದಿನಿಂದ ಯಾರೂ ಕೇಳದ, ಯಾವ ನಮೂನೆಗೂ ಸೇರದ ಬರಹ:

ರಫೀದಾ ಎಡಗೈಯಲ್ಲಿ ಬರೆಯುತ್ತಾಳೆ. ತಿರುಗಿಸಬಾರದು.
ನಿತೇಶ ಗಾಳಿ ಜೋರಾದರೆ ಅಳುತ್ತಾನೆ. ಅಪ್ಪ ಕಡಲಿಗೆ ಹೋಗುವವರು.
ಮುಬಶೀರ್ ಬುಟ್ಟಿಯಲ್ಲಿದ್ದ ಬೂತಾಯಿ ಎಣಿಸಿದ,
ಇಪ್ಪತ್ತರ ತನಕ, ಮೂರು ಸರ್ತಿ. ತಪ್ಪಿಲ್ಲ.

"ಯಾವ ಭಾಷೆಯಲ್ಲಿ?"
ಕೇಳಿ ಮುಗಿಸುವ ಮೊದಲೇ
ಉತ್ತರ ನನ್ನ ಮುಖಕ್ಕೆ ತಟ್ಟಿತ್ತು.

"ಒನ್ನ್, ರಂಡ್, ಮೂನ್, ನಾಲ್" ಎಂದಳು ಝುಲೇಖಾ.
"ಒಂಜಿ, ರಡ್ಡ್, ಮೂಜಿ, ನಾಲ್" ಎಂದಳು
ಬಾಗಿಲಿಗೊರಗಿ ನಿಂತಿದ್ದ ಸಹಾಯಕಿ ಪುಟ್ಟಮ್ಮಕ್ಕ.
ಸುತ್ತೋಲೆಯಲ್ಲಿ ಅವಳ ಹೆಸರಿಲ್ಲ.
ನೋಡಿ, ನಾಲ್ಕಕ್ಕೆ ಬರುವಾಗ ನಾವೆಲ್ಲ ಒಂದೇ ಕಡವಿನಲ್ಲಿ ಎಂದು
ನಾನು ಭಾಷಣಕ್ಕೆ ಹೊರಟೆ.
ಬಾಯಲ್ಲಿ ಬಜೆ ಇಟ್ಟುಕೊಂಡೇ ಪ್ರೆಸಿಲ್ಲಾ
"ನಮ್ಮದು ಚಾರ್" ಎಂದಳು.

ಆ ನಗುವಿಗೆ ಮೂಲೆಯಲ್ಲಿ ಮಲಗಿದ್ದ ಮಗು ಎದ್ದು ಕೂತಿತು.
ಗೋಡೆಯಾಚೆಯಿಂದ ಮತದಾರರ ಪಟ್ಟಿಯ ಗುಮಾಸ್ತರು ಕೂಗಿದರು:
"ಸ್ವಲ್ಪ ಗಲಾಟೆ ಕಡಿಮೆ ಮಾಡಿ ಟೀಚರ್!"

ಸೋಮವಾರ ನಾನು ಬೋರ್ಡಿನ ಹತ್ತಿರ ಹೋಗಲಿಲ್ಲ.
ಅವನ ಬೆಂಚಿನ ಪಕ್ಕ ನೆಲದಲ್ಲಿ ಕೂತು
ಚಿಪ್ಪು ಹರಡಿ, ಝುಲೇಖಾ ಹೇಳಿಕೊಟ್ಟಂತೆ ಎಣಿಸಿದೆ.
ನಾಲ್ಕರ ತನಕ ಸರಿ ಹೋಯಿತು. ಐದಕ್ಕೆ ನಾಲಿಗೆ ಜಾರಿತು.
ಮುಬಶೀರ್ ನನ್ನನ್ನು ನೋಡಿದ, ಚಿಪ್ಪನ್ನು ನೋಡಿದ,
ತಿದ್ದಿದ.
ಶಾಲೆಯಲ್ಲಿ ಅವನ ಮೊದಲ ಮಾತು
ನನ್ನ ತಪ್ಪಿಗೆ.

ಸಭೆಯ ವರದಿ ಇನ್ನೂ ಕಳಿಸಿಲ್ಲ.
ಹಾಜರಿಯಲ್ಲಿ ಪುಟ್ಟಮ್ಮಕ್ಕನ ಸಹಿ ಹಾಕಿಸಿದ್ದೇನೆ,
ಕೇಳಿದರೆ ಕೇಳಲಿ.
'ಸಭೆಯ ಫಲಿತಾಂಶ' ಎಂಬಲ್ಲಿ ಒಂದೂವರೆ ಇಂಚು ಜಾಗ ಉಂಟು.
ಏನು ಬರೆಯುವುದು ಎಂದು ಪೆನ್ನು ಹಿಡಿದು ಕೂತಿದ್ದೇನೆ.

ಮಧ್ಯಾಹ್ನದಿಂದ ಕಡಲ ಗಾಳಿ ಏರುತ್ತಿದೆ,
ಗೋಡೆಯ ಮೇಲಿನ ಬಲೆ ಒಂದೇ ಸಮ ಹಾರುತ್ತಿದೆ.
ಆಚೆ ಒಂದು ಅಳು ಶುರುವಾಗಿದೆ.
ನಿತೇಶನೇ ಇರಬೇಕು.
ಬರುವ ಜೂನಿಗೆ ಅವನು ನನ್ನ ಕ್ಲಾಸು.

ಗೇಟಿಗೆ ಸುತ್ತಿ ಹೋದರೆ ನೂರೆಪ್ಪತ್ತು ಹೆಜ್ಜೆ.
ಪೆನ್ನಿನ ಮುಚ್ಚಳ ಹಾಕುತ್ತೇನೆ.