ನಿಂಬೆಗಿಡದ ಪಾಲು

ನಮ್ಮ ಲಿಫ್ಟಿಗೆ ಕಾಸು ಹಾಕಬೇಕು.
ತಿಬಿಲಿಸಿಯ ಅಂಚಿನ ಗ್ಲಿದಾನಿಯಲ್ಲಿ
ಒಂಬತ್ತನೆಯ ಮಹಡಿಗೇರಲು ಇಪ್ಪತ್ತು ತೇತ್ರಿ.
ಇಳಿಯುವುದು ಪುಕ್ಕಟೆ.
ಬಾಗಿಲ ಬಳಿ ಚಿಲ್ಲರೆಯ ಜಾಡಿಯಿದೆ;
ಹೊರಡುವಾಗ ಒಂದು ನಾಣ್ಯ ಎತ್ತಿಕೊಂಡರೆ
ಮರಳಿ ಬರುತ್ತೇನೆಂದು ಮಾತು ಕೊಟ್ಟಂತೆ.

ಲೆಕ್ಕ ಬರೆಯುವವಳು ನಾನು.
ಹಗಲೆಲ್ಲ ಟೈಲ್ಸ್ ಅಂಗಡಿಯಲ್ಲಿ ಪರರ ಚದರಡಿ,
ರಾತ್ರಿ ಅಡುಗೆಮನೆಯಲ್ಲಿ ನಮ್ಮ ನಾಲ್ವರ ಪುಡಿಗಾಸು.
ನೀಲಿ ರಟ್ಟಿನ ಪುಸ್ತಕ, ಫ್ರಿಜ್ಜಿನ ಮೇಲೆ,
ಎಲ್ಲರಿಗೂ ಕಾಣುವ ಹಾಗೆ.
ಎತೇರಿಯದು ಉದ್ದನೆಯ ಸ್ನಾನ: ನೀರಿಗೆ ಎರಡು ಲರಿ ಹೆಚ್ಚು.
ನುತ್ಸಾ ಕಾಫಿ ಮುಟ್ಟುವುದಿಲ್ಲ: ಕಾಫಿಯಲ್ಲಿ ಅವಳಿಗೆ ಮಾಫಿ.
(ಅವಳ ಗೆಳೆಯ ಮುಟ್ಟುತ್ತಾನೆ.
ಮೂರು ಚಮಚ ಸಕ್ಕರೆ.
ಅದನ್ನಿನ್ನೂ ಯಾರೂ ಎತ್ತಿಲ್ಲ.)

ಜನವರಿ ಇಡೀ ತ್ಸಿಯಾಲಾ ಊರಲ್ಲಿರಲಿಲ್ಲ.
ಜೆಸ್ತಾಫೋನಿಯಲ್ಲಿ ಚಿಕ್ಕಮ್ಮನ ಕಣ್ಣಿನ ಪೊರೆ ತೆಗೆಸಿ
ಹೊತ್ತುಹೊತ್ತಿಗೆ ಹನಿ ಹಾಕುತ್ತಿದ್ದಳು.
ಬಂದ ದಿನವೇ ಗ್ಯಾಸಿನ ಬಿಲ್ಲೂ ಬಂತು:
ನೂರ ಎಂಬತ್ತಾರು ಲರಿ.
ಕೈಗವುಸು ಬಿಚ್ಚುತ್ತ ಅಂದಳು,
"ಮೂರರಿಂದ ಭಾಗಿಸಿ.
ಇಲ್ಲದವಳ ಕಾಲು ಯಾರು ಬೆಚ್ಚಗಿಟ್ಟಿರಿ?"

ನ್ಯಾಯ, ಅಂದೆ ನಾನು. ಪೆನ್ನಿನ ಮುಚ್ಚಳವನ್ನೂ ತೆಗೆದೆ.

ನುತ್ಸಾ ಮಾತಾಡಲಿಲ್ಲ.
ಹುರುಳಿಯ ಗಂಜಿ ಕಲಕುತ್ತಿದ್ದ ಚಮಚ ಎತ್ತಿ
ಅವಳ ಕೋಣೆಯ ಕಿಟಕಿಯತ್ತ ತೋರಿದಳು:
ಬಣ್ಣದ ಡಬ್ಬಿಯಲ್ಲಿ ತ್ಸಿಯಾಲಾಳ ನಿಂಬೆಗಿಡ.
"ಅದು ಇಲ್ಲೇ ಇತ್ತಲ್ಲ.
ಅದಕ್ಕೆ ಕೋಟೂ ಇಲ್ಲ."

ನಿಜ. ಹಿಮ ಬಿದ್ದ ರಾತ್ರಿಗಳಲ್ಲಿ
ಆ ಖಾಲಿ ಕೋಣೆಯ ಹೀಟರನ್ನು ನಾವು ಆರಿಸಲಿಲ್ಲ.
ಸಣ್ಣ ಉರಿ, ನೀಲಿ,
ಗಿಡವೊಂದು ಎಚ್ಚರವಾಗಿರುವಷ್ಟು.

ಆಮೇಲೆ ಶುರುವಾಯಿತು.
ಗಿಡಕ್ಕೆಷ್ಟು ಶಾಖ?
ಅರ್ಧ ಮನುಷ್ಯರಷ್ಟು, ಅಂದಳು ನುತ್ಸಾ.
ಬೆಕ್ಕಿನಷ್ಟು, ಎತೇರಿ.
"ಬೆಕ್ಕು ಓಡಾಡುತ್ತದೆ! ಇದು ನಿಂತಲ್ಲೇ ನಿಲ್ಲುವುದು!"
ತ್ಸಿಯಾಲಾಳ ಕಿವಿ ಕೆಂಪಾಗಿತ್ತು.
ನಾನು ಹೋಗಿ ಎಲೆ ಎಣಿಸಿಬಂದೆ.
ನಲವತ್ತೊಂದು. ಎಣಿಸಿ ಏನು ಮಾಡಬೇಕೋ ತಿಳಿಯಲಿಲ್ಲ.
ಗಂಜಿ ತಳ ಹಿಡಿಯಿತು.

ಕೊನೆಗೆ ಆರನೆಯ ಒಂದು ಪಾಲು:
ಮೂವತ್ತೊಂದು ಲರಿ, ದಿನಕ್ಕೊಂದರಂತೆ.
ತ್ಸಿಯಾಲಾ ಒಂದೊಂದೇ ನಾಣ್ಯವನ್ನು
ಮೇಜಿನ ಮೇಲೆ ಸದ್ದಾಗುವಂತೆ ಇಟ್ಟಳು.
ಎರಡು ದಿನ ತನ್ನ ಬ್ರೆಡ್ಡು ತಾನೇ ತಂದಳು,
ತನ್ನ ಉಪ್ಪು ತಾನೇ.

ಇಬ್ಬರ ನಡುವೆ ಗೆರೆ ಎಳೆಯುವುದು ಸುಲಭ;
ಆ ಗೆರೆಯ ಮೇಲೆ ಯಾರು ಗುಡಿಸಬೇಕು
ಎಂಬುದೇ ತೊಡಕು.

ಮಾರ್ಚಿನಲ್ಲಿ ಗಿಡ ಹೂ ಬಿಟ್ಟಿತು.
ಐದೇ ಹೂವು. ಆದರೆ ಕಂಪು
ಬಾಗಿಲ ಸಂದಿಯಲ್ಲಿ ನುಸುಳಿ, ಸ್ನಾನದ ಮನೆ ದಾಟಿ,
ಬೆಳಗ್ಗೆ ಹಲ್ಲುಜ್ಜುತ್ತಿದ್ದ ನನ್ನನ್ನು ನಿಲ್ಲಿಸಿತು.
ಅಡುಗೆಮನೆಯಲ್ಲಿ ತ್ಸಿಯಾಲಾ ಕೈ ಚಾಚಿ ನಿಂತಿದ್ದಳು:
"ತಲೆಗೆ ಐವತ್ತು ತೇತ್ರಿ.
ಮೂಗಿರುವವರೆಲ್ಲ."
ನುತ್ಸಾ ಮೂಗು ಹಿಡಿದುಕೊಂಡೇ ಅಂಗಡಿಗೆ ಹೋದಳು.
ಎತೇರಿ ನೆಗಡಿ ಎಂದಳು.
ನಾನು ಕೊಟ್ಟೆ. ರಸೀದಿ ಕೇಳಿದೆ.
ಕೊಟ್ಟಳು: ಒಂದು ಎಸಳು, ನೀಲಿ ಪುಸ್ತಕದ ನಡುವೆ,
ಜನವರಿಯ ಪುಟದಲ್ಲಿ.

ಅಲ್ಲೇ ಕಂಡದ್ದು ಹಳೆಯ ತಪ್ಪು.
ಗಿಡದ ಪಾಲು ಕಳೆದು ಉಳಿದ ನೂರ ಐವತ್ತೈದನ್ನು
ಮೂವರಿಗೆ ಹಂಚಿದ್ದೆನಲ್ಲ,
ತಲಾ ಐವತ್ತೊಂದು ಲರಿ ಅರವತ್ತಾರು ತೇತ್ರಿ.
ಕೂಡಿದರೆ ಎರಡು ತೇತ್ರಿ ಕಡಿಮೆ.
ಎರಡು ತೇತ್ರಿಯ ನಾಣ್ಯ ಈಗ ಚಲಾವಣೆಯಲ್ಲೇ ಇಲ್ಲ.
ಯಾರೂ ಕೊಡಲಾರರು, ಯಾರೂ ಇಸಿದುಕೊಳ್ಳಲಾರರು.

ಅಳಿಸಿಬಿಡು ಅನ್ನುತ್ತಾರೆ ಮೂವರೂ.
ನಾನು ಅಳಿಸಿಲ್ಲ.
ತಿಂಗಳ ಮೊದಲ ದಿನ ಹೊಸ ಪುಟ ತೆರೆದು
ಮೇಲ್ಗಡೆ ಬರೆಯುತ್ತೇನೆ:
ಹಿಂದಿನ ಬಾಕಿ, ಎರಡು.