ಲಿಫ್ಟಿನ ಕಾಸು

ರುಸ್ತವಿಯ ಲಿಫ್ಟುಗಳಿಗೆ ಹುಂಡಿಯಿದೆ.
ಹತ್ತು ತೆತ್ರಿ ಹಾಕಿದರಷ್ಟೇ ಮೇಲಕ್ಕೆ,
ಇಳಿಯುವುದು ಪುಕ್ಕಟೆ.
"ಇದೊಂದರ ಮೇಲೇ ಅರ್ಧ ಗಂಟೆ ಬೋಧಿಸಬಹುದು"
ಅನ್ನುತ್ತಾಳೆ ಲಮ್ಜಿರಾ,
ಬೋಧಿಸುವುದಿಲ್ಲ.
ಮಾತ್ರೆಯ ಖಾಲಿ ಡಬ್ಬಿಯಿಂದ ಕಾಸು ತೆಗೆದು ಹಾಕುತ್ತಾಳೆ.
ಉಕ್ಕಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ಕ್ರೇನು ನಡೆಸಿದ ಕೈ ಅದು,
ಮೇಲೇರುವ ಯಾವ ಯಂತ್ರವನ್ನೂ ಪೂರ್ತಿ ನಂಬುವುದಿಲ್ಲ.

ಫೆಬ್ರವರಿ. ಬೂಟಿನ ತುಂಬ ಕೆಸರು.
ಒಂಬತ್ತನೇ ಮಹಡಿಯಿಂದ ಶುರುಮಾಡಿ
ಮೆಟ್ಟಿಲಿಳಿಯುತ್ತ ಬರುವುದು ನಮ್ಮ ಕ್ರಮ:
ಒಂದು ಕಾಸಿಗೆ ಮೂವತ್ತಾರು ಬಾಗಿಲು.

ನಾನು ತೊದಲುವವಳು.
ಹುಟ್ಟಿನಿಂದ ಬಂದದ್ದಲ್ಲ.
ನನಗೆ ಏಳು ವರ್ಷವಿದ್ದಾಗ, ಊರಿಗೆ ಊರೇ
ಕರೆಂಟಿಲ್ಲದೆ ಕತ್ತಲಲ್ಲಿ ಕೂತ ಆ ಚಳಿಗಾಲ
ನಾಲಿಗೆಯ ಮೇಲೆ ಹೆಪ್ಪುಗಟ್ಟಿ ಉಳಿದದ್ದು.
ನಮ್ಮ ಭಾಷೆಯಲ್ಲಿ ದೇವರೆನ್ನುವ ಪದವೇ
ಒತ್ತಕ್ಷರದಿಂದ ಆರಂಭ: ಘ್ಮೆರ್ತಿ.
ಗಂಟಲ ಘಕಾರಕ್ಕೂ ತುಟಿಯ ಮಕಾರಕ್ಕೂ ನಡುವೆ
ಕೂದಲೆಳೆಯಷ್ಟೂ ಜಾಗವಿಲ್ಲ,
ಅಲ್ಲೇ ಸಿಕ್ಕಿಕೊಳ್ಳುತ್ತೇನೆ,
ಬಾಗಿಲ ಸಂದಿಗೆ ಬೆರಳಿಟ್ಟ ಮಗುವಿನ ಹಾಗೆ.

ಮಂಗಳವಾರ ಸಭೆಯಲ್ಲಿ ಅಭ್ಯಾಸ.
ನಾಲ್ಕು ನಿಮಿಷ, ಆಮೇಲೆ ಗಂಟೆ.
ಸಹೋದರ ಗೊದೆರ್ಜಿ ಹಾಳೆಯಲ್ಲಿ ಗುರುತು ಹಾಕುತ್ತಾನೆ.
ಕಣ್ಣು ನೋಡಿ ಮಾತಾಡುವುದು: ಪರವಾಗಿಲ್ಲ.
ಪ್ರಶ್ನೆ ಕೇಳುವ ರೀತಿ: ಚೆನ್ನಾಗಿದೆ.
ವಿರಾಮ...
ಪೆನ್ನು ನಿಲ್ಲಿಸಿ ನಕ್ಕ,
"ಅದನ್ನು ನಿನಗೆ ಯಾರೂ ಕಲಿಸಬೇಕಿಲ್ಲ."
ಎಲ್ಲರೂ ನಕ್ಕರು. ನಾನೂ.
ಮನೆಗೆ ಬಂದು ಪಾತ್ರೆ ತೊಳೆಯುವಾಗ ಮಾತ್ರ
ಆ ನಗು ಬಾಣಲೆಯ ತಳಕ್ಕೆ ಸೀದು ಹಿಡಿದಿತ್ತು.

ಮೂವತ್ತಾರನೇ ನಂಬರಿನಲ್ಲಿ ನಾಯಿ.
ಮೂವತ್ತೈದರಲ್ಲಿ, ಕೈಯಲ್ಲಿ ಹಿಟ್ಟು ಮೆತ್ತಿದ ಹೆಂಗಸು:
"ಅಜ್ಜಿಯ ಕಾಲದ ಐಕನ್ ಇದೆ ನಮ್ಮಲ್ಲಿ, ಸಾಕು."
ಆ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ ನನಗೆ,
ಲಮ್ಜಿರಾಗೆ ಹೇಳಲಿಲ್ಲ.
ಮೂವತ್ತನಾಲ್ಕರಲ್ಲಿ ಈರುಳ್ಳಿ ಹುರಿಯುವ ವಾಸನೆ,
ಮನೆಯಲ್ಲಿ ಯಾರೂ ಇಲ್ಲವೆಂಬಂತೆ
ಉಸಿರು ಬಿಗಿಹಿಡಿದು ನಿಂತ ಇಡೀ ಸಂಸಾರ.

ಮೂವತ್ತಮೂರು ತೆರೆಯಿತು.
ಬನಿಯನ್ನಿನ ಮುದುಕ, ಅರ್ಧ ಮುಖಕ್ಕೆ ಸೋಪಿನ ನೊರೆ,
ಕೈಯಲ್ಲಿ ರೇಜರು.
ಈ ಸಲ ನನ್ನ ಸರದಿ.

"ನಮಸ್ಕಾರ, ಘ್... ಘ್..."

ಇಲ್ಲಿ ಜನ ಎರಡರಲ್ಲಿ ಒಂದು ಮಾಡುತ್ತಾರೆ.
ಬಾಗಿಲು ಮುಚ್ಚುತ್ತಾರೆ,
ಇಲ್ಲವೇ ಕನಿಕರಪಟ್ಟು
ಆ ಪದವನ್ನು ತಾವೇ ಹೇಳಿ ಮುಗಿಸುತ್ತಾರೆ.
ಹೀಗೆ ಎಷ್ಟು ನಾಸ್ತಿಕರ ಬಾಯಲ್ಲಿ
ದೇವರೆನ್ನಿಸಿದ್ದೇನೋ ನಾನು, ಲೆಕ್ಕವಿಟ್ಟಿಲ್ಲ.
ಲಮ್ಜಿರಾ ಎಂದಿನಂತೆ ನೆರವಿಗೆ ಬಾಯಿ ತೆರೆದಳು.
ಮುದುಕ ರೇಜರೆತ್ತಿದ:
"ತಡೆಯಮ್ಮ. ಅವಳು ಹೇಳಲಿ."

ನಿಂತ.
ನೊರೆ ಕೆನ್ನೆಯಿಂದ ಜಾರಿ ಬನಿಯನ್ನಿಗೆ ಬಿತ್ತು.
ಕೆಳಗೆ ಅಂಗಳದಲ್ಲಿ ಮೊಸರು ಮಾರುವವಳು
ಒಮ್ಮೆ ಕೂಗಿದಳು, ಇನ್ನೊಮ್ಮೆ ಕೂಗಿದಳು,
ಆಚೆ ಬೀದಿಗೆ ಹೋಗಿಯೂ ಕೂಗಿದಳು.
ಅವನು ನಿಂತೇ ಇದ್ದ,
ಬರುವ ಬಸ್ಸು ಬಂದೇ ಬರುತ್ತದೆ ಅನ್ನುವವನ ಹಾಗೆ.

ಹೇಳಿದೆ. ಇಡಿಯಾಗಿ.

"ಓ, ಅವನಾ?" ಅಂದ.
"ನನಗೂ ಅವನಿಗೂ ಮಾತು ಬಿಟ್ಟು ಇಪ್ಪತ್ತು ವರ್ಷ."
ಮತ್ತೆ ಬಾಗಿಲು ಮುಚ್ಚಿದ,
ಸದ್ದಾಗದ ಹಾಗೆ, ಚಿಲಕವನ್ನು ಬೆರಳಲ್ಲಿ ಹಿಡಿದು.

ಮೆಟ್ಟಿಲ ಮೇಲೆ ಕೂತು ಲಮ್ಜಿರಾ ಚೀಟಿ ತುಂಬಿದಳು.
ಕೊಟ್ಟ ಪುಸ್ತಕ: ಸೊನ್ನೆ.
ಕಲಿಸಿದ ಪಾಠ... ಪೆನ್ಸಿಲ್ ಕಚ್ಚಿಕೊಂಡು
ನನ್ನ ಮುಖ ನೋಡಿದಳು, ಖಾಲಿ ಬಿಟ್ಟಳು.
ಯಾರು ಯಾರಿಗೆ ಅಂತ ಕೇಳುವ ಕಲಮು ಆ ಚೀಟಿಯಲ್ಲಿಲ್ಲ.
ಕೊನೆಗೆ ಅಂಚಿನಲ್ಲಿ ಬರೆದಳು:
"33. ಅರ್ಧ ಗಡ್ಡ ಬಾಕಿ. ಮತ್ತೆ ಬರಬೇಕು."

ಎಂಟನೇ ಮಹಡಿಗೆ ಇಳಿದೆವು.
ಮೊದಲ ಮನೆಯ ಕರೆಗಂಟೆ ಕೆಟ್ಟಿತ್ತು.
ಬಡಿದೆವು.